ಮೂರನೇ ಮಹಡಿಯಲ್ಲಿ ದೀಪ ಯಾಕೆ ಉರಿಯುತ್ತಿದೆ?

ಹೋದ ಸಂಚಿಕೆಯಲ್ಲಿ ಭಯದ ಸಿನಿಮಾಗಳ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದೇ ತಪ್ಪಾಯಿತು ನೋಡಿ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬರೀ ಕೊಲೆ. ಹಾಗಾಗಿ ಈ ಕಂತು ಪೂರ್ತಿ ಸ್ಲಾಷರ್ ಸಿನಿಮಾಕ್ಕೇ ಮೀಸಲು. ಹೆಸರು ಕೇಳದವರಿಗೆ ಒಂದು ಮಾತು: ಒಬ್ಬ ಕೊಲೆಗಾರ ಇರುತ್ತಾನೆ, ಕೈಯಲ್ಲಿ ಚಾಕುವೋ ಕೊಡಲಿಯೋ ಇರುತ್ತದೆ, ಒಂದು ಗುಂಪಿನ ಜನ ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಸಾಮಾನ್ಯವಾಗಿ ಒಬ್ಬ ಹುಡುಗಿ ಉಳಿಯುತ್ತಾಳೆ. ಅಷ್ಟೇ ಕತೆ. ಅಷ್ಟೇ ಆದ್ದರಿಂದಲೇ ಬರೆಯೋದು ಕಷ್ಟ.

ಪ್ರಶ್ನೆ: ನಾವು ಆರು ಜನ ಗೆಳೆಯರು ಸೇರಿ ಒಂದು ಗಂಟೆಯ ಸ್ಲಾಷರ್ ಸಿನಿಮಾ ಮಾಡಲು ಹೊರಟಿದ್ದೇವೆ. ಮಳೆಗಾಲ, ಲೋನಾವಳದ ಬಂಗಲೆ, ವೀಕೆಂಡ್ ಪಾರ್ಟಿ. ಮೊದಲ ಇಪ್ಪತ್ತು ನಿಮಿಷದಲ್ಲೇ ಮೂರು ಕೊಲೆ ಇಟ್ಟಿದ್ದೇನೆ. ಆದರೂ ಸ್ಕ್ರಿಪ್ಟ್ ಓದಿದವರೆಲ್ಲ ‘ಎರಡನೇ ಕೊಲೆ ಆದಮೇಲೆ ಬೋರು’ ಅನ್ನುತ್ತಾರೆ. ಇನ್ನೂ ಎರಡು ಕೊಲೆ ಸೇರಿಸಲಾ ಸರ್?
– ಒಬ್ಬ ಓದುಗ, ಡೊಂಬಿವಲಿ

ಬೇಡಪ್ಪಾ. ಇರುವುದರಲ್ಲೇ ಎರಡು ತೆಗೆಯಿರಿ.

ನಿಮ್ಮ ಗೆಳೆಯರಿಗೆ ಬೋರಾಗಿದ್ದು ಯಾಕೆ ಅಂದರೆ, ಸತ್ತ ಮೂವರೂ ಯಾರು ಅಂತ ಅವರಿಗೆ ಗೊತ್ತೇ ಇಲ್ಲ. ಲೋಕಲ್ ಟ್ರೇನಿನಲ್ಲಿ ಎದುರು ಕೂತವರು ಕುರ್ಲಾದಲ್ಲಿ ಇಳಿದು ಹೋದರೆ ನಿಮಗೇನಾದರೂ ಅನ್ನಿಸುತ್ತದೆಯೇ? ಹಾಗೇ ಇದು. 1978ರ ‘ಹ್ಯಾಲೋವೀನ್’ ನೋಡಿದ್ದೀರಿ ಅಂದುಕೊಳ್ಳುತ್ತೇನೆ. ಜಾನ್ ಕಾರ್ಪೆಂಟರ್ ತೀರಾ ಕಡಿಮೆ ದುಡ್ಡಿನಲ್ಲಿ ಮಾಡಿದ ಸಿನಿಮಾ, ಉದ್ದ ಒಂದೂವರೆ ಗಂಟೆ. ಶುರುವಿಗೇ ಒಂದು ಕೊಲೆ ಇದೆ, ಸರಿ. ಆಮೇಲೆ? ನಾಯಕಿಯ ಗೆಳತಿಯರಲ್ಲಿ ಮೊದಲನೆಯವಳು ಸಾಯುವ ಹೊತ್ತಿಗೆ ಅರ್ಧ ಸಿನಿಮಾ ಮುಗಿದಿರುತ್ತದೆ! ನಡುವೆ ಅಷ್ಟು ಹೊತ್ತು ಏನು ನಡೆಯುತ್ತದೆ ಅಂತ ಕೂತು ಬರೆದುಕೊಳ್ಳಿ, ನಿಮಗೆ ಬೇಕಾದ ಪಾಠ ಅಲ್ಲೇ ಇದೆ. ಹುಡುಗಿಯರು ಸ್ಕೂಲಿನಿಂದ ಮನೆಗೆ ನಡೆದು ಬರುತ್ತಾರೆ, ಹರಟುತ್ತಾರೆ, ರಾತ್ರಿ ಯಾರ ಮನೆಯ ಮಗು ನೋಡಿಕೊಳ್ಳಬೇಕು ಅಂತ ಮಾತಾಡುತ್ತಾರೆ. ಕೊಲೆಗಾರ ಕ್ಲಾಸಿನ ಕಿಟಕಿಯಾಚೆ ನಿಂತಿರುತ್ತಾನೆ, ಬೇಲಿಯ ಪಕ್ಕ ನಿಂತಿರುತ್ತಾನೆ, ಹಿತ್ತಲಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ನಿಂತಿರುತ್ತಾನೆ. ಹಾಡಹಗಲು. ಬರೀ ನಿಂತಿರುತ್ತಾನೆ. ಮತ್ತೊಮ್ಮೆ ನೋಡಿದರೆ ಇರುವುದಿಲ್ಲ.

ಇದನ್ನೇ ನಮ್ಮ ಎಡಿಟಿಂಗ್ ರೂಮಿನಲ್ಲಿ ಬೀಟ್ ಅನ್ನುತ್ತೇವೆ. ಕತೆ ಒಂದು ಹೆಜ್ಜೆ ಮುಂದೆ ಹೋಗುವ ಜಾಗ. ನೀವು ಬೀಟ್ ಅಂದರೆ ಕೊಲೆ ಅಂದುಕೊಂಡಿದ್ದೀರಿ. ನಾನು ಹದಿನೆಂಟು ವರ್ಷ ಗೋರೆಗಾಂವಿನಲ್ಲಿ ಸೀರಿಯಲ್ ಕತ್ತರಿಸಿದವನು (ಹೌದು, ಸೊಸೆ ಮೆಟ್ಟಿಲಿಂದ ಬೀಳುವುದನ್ನು ಮೂರು ಕ್ಯಾಮೆರಾದಲ್ಲಿ ಮೂರು ಸಲ ತೋರಿಸಿದ ಪಾಪವೂ ನನ್ನದೇ), ನನ್ನ ಲೆಕ್ಕ ಬೇರೆ. ನೋಡುವವನಿಗೆ ಏನೋ ಒಂದು ಹೊಸದಾಗಿ ಗೊತ್ತಾಯಿತಾ? ಆಗ ಒಂದು ಬೀಟ್. ಹಿಂದಿನ ಬಾಗಿಲ ಚಿಲಕ ಸರಿಯಾಗಿ ಬೀಳುವುದಿಲ್ಲ ಅಂತ ಗೊತ್ತಾಗುವುದು ಒಂದು ಬೀಟ್. ಅಡುಗೆಮನೆಯ ದೊಡ್ಡ ಚಾಕು ಇದ್ದ ಜಾಗದಲ್ಲಿ ಇಲ್ಲ, ಅದೊಂದು. ಮೂರನೇ ಕೊಲೆ ಎರಡನೆಯದರ ಹಾಗೇ ನಡೆದರೆ ಅದು ಬೀಟೇ ಅಲ್ಲ, ಬರೀ ಟೊಮೆಟೊ ಸಾಸ್ ಖರ್ಚು.

ಯಕ್ಷಗಾನದ ಕೀಚಕವಧೆ ಪ್ರಸಂಗ ನೋಡಿದ್ದೀರಲ್ವಾ? ಮುಂಬೈಗೆ ಮೇಳ ಬಂದಾಗ ನಾನು ಒಂದು ಸಲವೂ ತಪ್ಪಿಸುವುದಿಲ್ಲ. ನರ್ತನಶಾಲೆಯ ಕತ್ತಲಲ್ಲಿ ದ್ರೌಪದಿಯ ಬದಲು ಭೀಮ ಕಾಯುತ್ತಿದ್ದಾನೆ ಅಂತ ಸಭೆಯಲ್ಲಿರುವ ಮಗುವಿಗೂ ಗೊತ್ತು. ಕೀಚಕನಿಗೆ ಮಾತ್ರ ಗೊತ್ತಿಲ್ಲ. ಅವನು ಸಿಂಗಾರ ಮಾಡಿಕೊಳ್ಳುತ್ತಾನೆ, ಕುಣಿಯುತ್ತಾನೆ, ಮೀಸೆ ತಿರುವುತ್ತಾನೆ, ಹತ್ತಿರ ಬರುತ್ತಾನೆ, ಇನ್ನೂ ಹತ್ತಿರ ಬರುತ್ತಾನೆ. ಸಾಯುವುದಕ್ಕೆ ಎಷ್ಟು ಹೊತ್ತು ಬೇಕು? ಚೂರು. ಆ ಬರುವಿಕೆಗೇ ನಾವು ನಿದ್ದೆಗೆಟ್ಟು ಕೂತಿರೋದು. ಸ್ಲಾಷರ್ ಇದನ್ನೇ ಉಲ್ಟಾ ಮಾಡುತ್ತದೆ. ಕಾಯುವವನು ಕೆಟ್ಟವನು, ಬರುವವಳು ಪಾಪದವಳು.

ಇನ್ನು ನಿಮ್ಮ ಲೋನಾವಳ. ಬೇಜಾರು ಮಾಡಿಕೊಳ್ಳಬೇಡಿ, ಮಳೆಗಾಲದ ಶನಿವಾರ ಲೋನಾವಳದಲ್ಲಿ ಒಂಟಿಯಾಗಿರಲು ಕೊಲೆಗಾರನಿಗೂ ಆಗುವುದಿಲ್ಲ. ಭೂಶಿ ಡ್ಯಾಮ್ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಚಿಕ್ಕಿ ಅಂಗಡಿ ಮುಂದೆ ಕಾರುಗಳ ಸಾಲು. ಅಮೆರಿಕದ ಸಿನಿಮಾಗಳಿಗೆ ಕಾಡಿನ ನಡುವೆ ಸರೋವರ, ಅಲ್ಲೊಂದು ಕ್ಯಾಂಪು ಸಲೀಸಾಗಿ ಸಿಗುತ್ತದೆ. ನಮ್ಮಲ್ಲಿ ಕೂಗಿದರೆ ಯಾರಾದರೂ ಬಂದೇ ಬರುತ್ತಾರೆ, ಬರದಿದ್ದರೆ ಕಿಟಕಿಯಿಂದ ಬೈದಾದರೂ ಬೈಯುತ್ತಾರೆ. ಸ್ಲಾಷರ್ ಬರೆಯುವವನಿಗೆ ಮುಂಬೈ ಕಡೆ ಇರುವ ಅಸಲಿ ತಲೆನೋವು ಇದೇ: ಪಕ್ಕದ ಮನೆಯವರನ್ನು ಎಲ್ಲಿಗೆ ಕಳಿಸೋದು?

ನಾನು ನಿಮ್ಮ ಜಾಗದಲ್ಲಿದ್ದರೆ ಬಂಗಲೆ ಬಿಟ್ಟು ನಿಮ್ಮ ಡೊಂಬಿವಲಿಯದೇ ಒಂದು ಹಳೇ ಬಿಲ್ಡಿಂಗ್ ಹಿಡಿಯುತ್ತಿದ್ದೆ. ರೀಡೆವಲಪ್‌ಮೆಂಟಿಗೆ ಹೋಗಿದೆ, ಅಂದರೆ ಕೆಡವಿ ಹೊಸದು ಕಟ್ಟುತ್ತಾರೆ. ಬಿಲ್ಡರ್ ಬಾಡಿಗೆ ಕೊಟ್ಟು ಒಬ್ಬೊಬ್ಬರನ್ನೇ ಖಾಲಿ ಮಾಡಿಸಿದ್ದಾನೆ. ನಾಲ್ಕು ಮಹಡಿ, ಹದಿನಾರು ಮನೆ, ಅದರಲ್ಲಿ ಮೂರರಲ್ಲಿ ಮಾತ್ರ ಜನ. ಉಳಿದ ಮನೆಗಳ ಕಿಟಕಿ ಚೌಕಟ್ಟು ಕೂಡ ಕಿತ್ತು ಮಾರಿಯಾಗಿದೆ. ಅದೂ ಮೇ ತಿಂಗಳು ಅಂತಿಟ್ಟುಕೊಳ್ಳಿ, ಒಂದು ಮನೆಯವರು ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗಿದ್ದಾರೆ. ಈಗ ನೋಡಿ, ನೀವೇನೂ ಮಾಡದೆ ಜಾಗ ಒಂಟಿಯಾಯಿತು. ಖಾಲಿಯಾದ ಮೂರನೇ ಮಹಡಿಯಲ್ಲಿ ಒಂದು ರಾತ್ರಿ ದೀಪ ಉರಿಯುತ್ತಿದೆ. ಮೀಟರ್ ತೆಗೆದುಕೊಂಡು ಹೋಗಿ ತಿಂಗಳಾಗಿದೆ.

ಇಲ್ಲಿಂದ ನಿಮ್ಮ ಒಂದು ಗಂಟೆ ಹೀಗೆ ಓಡಬಹುದು. ಮೊದಲ ಐದು ನಿಮಿಷ ಒಂದು ಹಳೇ ಘಟನೆ ಅಥವಾ ಒಂದು ಕೊಲೆ, ನೋಡುವವನಿಗೆ ‘ಇದು ಆಟ ಅಲ್ಲ’ ಅಂತ ತಿಳಿಸಲಿಕ್ಕೆ. ಆಮೇಲೆ ಇಪ್ಪತ್ತು ನಿಮಿಷ ಹಗಲು. ಈ ಭಾಗಕ್ಕೆ ಕೈಹಾಕಿ ಕಡಿಮೆ ಮಾಡಬೇಡಿ. ಬಿಲ್ಡಿಂಗ್ ಪೂರ್ತಿ ತೋರಿಸಿ. ಟೆರೇಸಿನ ಕೀ ಯಾರ ಹತ್ತಿರ ಇದೆ, ಎಷ್ಟನೇ ಮೆಟ್ಟಿಲು ಮುರಿದಿದೆ, ವಾಚ್‌ಮನ್ ಎಷ್ಟು ಹೊತ್ತಿಗೆ ಊಟಕ್ಕೆ ಹೋಗುತ್ತಾನೆ, ಎಲ್ಲ ಮಾತಿನ ನಡುವೆ ಬರಲಿ. ಓಡುವಾಗ ಅವಳು ಯಾವ ಬಾಗಿಲಿಗೆ ಹೋಗಬೇಕು ಅಂತ ನೋಡುವವನಿಗೇ ಗೊತ್ತಿದ್ದರೆ ಅವನು ಸೀಟಿನ ತುದಿಗೆ ಬರುತ್ತಾನೆ, ಗೊತ್ತಿಲ್ಲದಿದ್ದರೆ ಮೊಬೈಲ್ ತೆಗೆಯುತ್ತಾನೆ. ಅರ್ಧದ ಹೊತ್ತಿಗೆ ಒಬ್ಬರು ಕಾಣೆಯಾಗಲಿ, ಆದರೆ ಯಾರೂ ತಲೆಕೆಡಿಸಿಕೊಳ್ಳದಿರಲಿ. ‘ಊರಿಗೆ ಹೋಗಿರಬೇಕು ಬಿಡು’ ಅಂದರೆ ಸಾಕು, ನಮ್ಮಲ್ಲಿ ಅದಕ್ಕಿಂತ ನಂಬುವ ಕಾರಣ ಬೇರೆ ಇಲ್ಲ. ಆಮೇಲೆ ಹೊರಗೆ ಹೋಗುವ ದಾರಿ ಮುಚ್ಚಬೇಕು. ಮೇ ಬಿಟ್ಟು ಜುಲೈಗೆ ಹಾಕಿಕೊಂಡರೆ ಇದಕ್ಕೆ ಮಳೆಯೇ ಸಾಕು. 2005ರ ಜುಲೈ 26ರ ಮುಂಬೈ ಮಳೆ ನೋಡಿದವರಿಗೆ ನಾನು ಹೇಳಬೇಕಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್, ಟ್ರೇನ್ ಇಲ್ಲ, ಕರೆಂಟ್ ಇಲ್ಲ, ಫೋನ್ ಸಿಗುತ್ತಿರಲಿಲ್ಲ. ನಾನು ಆ ರಾತ್ರಿ ಆಫೀಸಿನ ಮೇಜಿನ ಮೇಲೆ ಮಲಗಿದ್ದೆ. ಮನೆಯಲ್ಲಿ ಹೆಂಡತಿಗೆ ನಾನು ಬದುಕಿದ್ದೇನೆ ಅಂತ ಗೊತ್ತಾಗಿದ್ದು ಮರುದಿನ ಮಧ್ಯಾಹ್ನ.

ಹೆಣಗಳು ಸಿಗುವುದು, ಓಟ, ಮುಖಾಮುಖಿ, ಇದೆಲ್ಲ ಕೊನೆಯ ಇಪ್ಪತ್ತು ನಿಮಿಷಕ್ಕೆ. ಅದನ್ನು ನೀವು ಆಗಲೇ ಚೆನ್ನಾಗಿ ಬರೆದಿದ್ದೀರಿ ಅಂತ ನನ್ನ ಅಂದಾಜು. ಎಲ್ಲರೂ ಮೊದಲು ಬರೆಯುವುದು ಅದನ್ನೇ.

ಪ್ರಶ್ನೆ: ನನ್ನ ಮಗಳು ಇಂಥ ಸಿನಿಮಾ ಬಿಡದೆ ನೋಡುತ್ತಾಳೆ. ಜೊತೆಗೆ ಕೂತರೆ ನನಗೆ ಸಿಟ್ಟು ಬರುತ್ತದೆ. ಕುಡಿದವಳು, ಗೆಳೆಯನ ಜೊತೆ ಹೋದವಳು ಸಾಯಬೇಕು, ಓದಿಕೊಂಡು ಮನೆಯಲ್ಲಿದ್ದವಳು ಉಳಿಯಬೇಕು. ಇದು ನಮ್ಮ ಅತ್ತೆ ಹೇಳುತ್ತಿದ್ದ ನೀತಿಪಾಠವೇ ಅಲ್ಲವೇ?
– ಒಬ್ಬ ಓದುಗರು, ಮಾಟುಂಗಾ

ನಿಮ್ಮ ಸಿಟ್ಟು ಸರಿಯಾಗಿದೆ ಅಮ್ಮಾ. 80ರ ದಶಕದಲ್ಲಿ ಸಾಲುಸಾಲಾಗಿ ಬಂದ ಎಷ್ಟೋ ಸಿನಿಮಾಗಳು ಆ ಪಾಠವನ್ನೇ ಕಣ್ಣುಮುಚ್ಚಿ ಒಪ್ಪಿಸಿವೆ. ಆದರೆ ಇನ್ನೊಂದು ಮಾತೂ ಇದೆ. ಕೊನೆಗೆ ಉಳಿಯುವ ಈ ಹುಡುಗಿಗೆ ‘ಫೈನಲ್ ಗರ್ಲ್’ ಅಂತ ಹೆಸರು ಕೊಟ್ಟವರು ಕ್ಯಾರಲ್ ಕ್ಲೋವರ್ ಎಂಬ ಅಮೆರಿಕದ ಪ್ರೊಫೆಸರ್, 1987ರಲ್ಲಿ. ಅವರು ಗಮನಿಸಿದ್ದರಲ್ಲಿ ಒಂದು ಇದು: ಏನೋ ಸರಿಯಿಲ್ಲ ಅಂತ ಎಲ್ಲರಿಗಿಂತ ಮೊದಲು ನೋಡುವವಳು ಇವಳೇ. ಉಳಿದವರು ಅಪಾಯ ಎದುರಿಗೇ ಬಂದರೂ ನೋಡುವುದಿಲ್ಲ. ನನ್ನ ಕೇಳಿದರೆ ಒಳ್ಳೆಯ ಸ್ಕ್ರಿಪ್ಟಿನಲ್ಲಿ ಅವಳನ್ನು ಉಳಿಸುವುದು ಆ ಕಣ್ಣು, ನಡತೆ ಸರ್ಟಿಫಿಕೇಟು ಅಲ್ಲ. ನಮ್ಮ ಚಾಳಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತಾ ಕೂತು, ಯಾರು ಬಂದರು, ಯಾರು ಹೋದರು, ಯಾರ ಕೈಯಲ್ಲಿ ಯಾವ ಚೀಲವಿತ್ತು ಅಂತ ಲೆಕ್ಕ ಇಡುತ್ತಿದ್ದ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಇದ್ದರಲ್ಲ, ಅವರನ್ನು ಯಾವ ಕೊಲೆಗಾರನೂ ಮುಟ್ಟಲಾರ. ಅವರು ಒಂದು ಕಾಲದಲ್ಲಿ ಎಷ್ಟು ಕುಡಿದಿದ್ದರು ಅನ್ನುವುದು ಮುಖ್ಯವಲ್ಲ.

ಅಂದಹಾಗೆ, ನಿರ್ದೇಶಕ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಮಾಡಿದಾಗ ನಾಯಕಿ ಅಂದುಕೊಂಡವಳನ್ನು ಅರ್ಧಕ್ಕೂ ಮೊದಲೇ ಬಚ್ಚಲುಮನೆಯಲ್ಲಿ ಕೊಲ್ಲಿಸಿದರು. ಕದ್ದ ದುಡ್ಡು ವಾಪಸ್ ಕೊಡೋಣ ಅಂತ ಅವಳು ಮನಸ್ಸು ಮಾಡಿದ ಮೇಲೆ! ಅಂದರೆ ಒಳ್ಳೆಯವಳಾದ ಮೇಲೆ ಸತ್ತಳು. ಆ ಪಾತ್ರ ಮಾಡಿದ ಜಾನೆಟ್ ಲೀ ಅವರ ಮಗಳು ಜೇಮೀ ಲೀ ಕರ್ಟಿಸ್. ‘ಹ್ಯಾಲೋವೀನ್’ನಲ್ಲಿ ಕೊನೆಗೆ ಉಳಿಯುವ ಹುಡುಗಿ ಅವರೇ. ಅಮ್ಮ ಸತ್ತಳು, ಮಗಳು ಉಳಿದಳು. ಇದನ್ನು ನಿಮ್ಮ ಮಗಳಿಗೆ ಹೇಳಿ, ಅವಳಿಗೆ ಆಗಲೇ ಗೊತ್ತಿರುತ್ತದೆ.

ಪ್ರಶ್ನೆ: ಕೊಲೆಗಾರ ಯಾರು ಅಂತ ಎಷ್ಟನೇ ನಿಮಿಷದಲ್ಲಿ ಹೇಳಬೇಕು? ಕೊನೆಯ ಸೀನಿನಲ್ಲಿ ಪೂರ್ತಿ ಹೊಸಬನನ್ನು ತಂದರೆ ಶಾಕ್ ಜಾಸ್ತಿ ಅಲ್ವಾ?
– ಒಬ್ಬ ವಿದ್ಯಾರ್ಥಿ, ಪುಣೆ

ಶಾಕ್ ಅಲ್ಲ, ಮೋಸ. ನನ್ನ ಅಭಿಪ್ರಾಯ ಇಷ್ಟೇ, ಆದರೆ ಇದಕ್ಕೆ ವಿರುದ್ಧವಾಗಿ ಒಂದು ದೊಡ್ಡ ಸಾಕ್ಷಿ ಇದೆ ಅಂತಲೂ ಒಪ್ಪುತ್ತೇನೆ. 1980ರ ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ಕೊಲೆಗಾರಳು ಒಬ್ಬ ತಾಯಿ, ಕೊನೆಯ ಭಾಗದಲ್ಲಿ ಮಾತ್ರ ಎದುರು ಬರುತ್ತಾಳೆ. ಅಲ್ಲಿಯವರೆಗೆ ಅವಳ ಮುಖವನ್ನೇ ನೋಡಿರುವುದಿಲ್ಲ. ಆದರೂ ಸಿನಿಮಾ ಓಡಿತು, ಯಾಕೆಂದರೆ ಅವಳ ಕಾರಣ ಗಟ್ಟಿ: ನೋಡಿಕೊಳ್ಳಬೇಕಾದವರು ನೋಡಿಕೊಳ್ಳದೆ ಮಗ ನೀರಿನಲ್ಲಿ ಮುಳುಗಿದ. ಮಜಾ ಏನೆಂದರೆ ಜನರಿಗೆ ನೆನಪಿರುವುದು ಮುಂದಿನ ಭಾಗಗಳಲ್ಲಿ ಕೊಲೆಗಾರನಾಗಿ ಬರುವ, ಹಾಕಿ ಆಟದ ಮಾಸ್ಕ್ ತೊಟ್ಟ ಮಗ, ಆ ಮಾಸ್ಕ್ ಬಂದದ್ದೇ ಮೂರನೇ ಭಾಗದಲ್ಲಿ. 1996ರ ‘ಸ್ಕ್ರೀಮ್’ನಲ್ಲಿ ಕೊಲೆಗಾರ ಫೋನಿನಲ್ಲಿ, ಆ ಸಿನಿಮಾದಲ್ಲಿ ಕೊಂದವರು ಯಾರು ಅಂತ ಇದನ್ನೇ ಪ್ರಶ್ನೆ ಮಾಡಿ ಕೇಳುತ್ತಾನೆ. ಹುಡುಗಿ ಮಗನ ಹೆಸರು ಹೇಳುತ್ತಾಳೆ. ತಪ್ಪು ಉತ್ತರ. ಮುಂದೆ ಏನಾಗುತ್ತದೆ ಅಂತ ನಿಮಗೆ ಗೊತ್ತು.

ನೀವು ಹೀಗೆ ಮಾಡಿ. ಕೊಲೆಗಾರನನ್ನು ಮೊದಲ ಕಾಲುಭಾಗದಲ್ಲೇ ನಮ್ಮ ಮುಂದೆ ನಿಲ್ಲಿಸಿ, ಏನೋ ಒಂದು ಸಣ್ಣ ಕೆಲಸಕ್ಕೆ. ಗ್ಯಾಸ್ ಸಿಲಿಂಡರ್ ಮಹಡಿಗೆ ತಂದುಕೊಟ್ಟವನು, ಕೊರಿಯರ್‌ಗೆ ಸೈನ್ ಹಾಕಿದ ಪಕ್ಕದ ಮನೆಯವನು, ಯಾರಾದರೂ ಆಗಲಿ. ಆಗ ಕೊನೆಗೆ ಮುಖ ಕಂಡಾಗ ನೋಡುವವನು ತನ್ನನ್ನೇ ಬೈದುಕೊಳ್ಳುತ್ತಾನೆ, ನಿಮ್ಮನ್ನು ಬೈಯುವುದಿಲ್ಲ. ಇಲ್ಲವೇ ಹೇಳಲೇಬೇಡಿ. 1974ರ ಕೆನಡಾ ಸಿನಿಮಾ ‘ಬ್ಲ್ಯಾಕ್ ಕ್ರಿಸ್‌ಮಸ್’ನಲ್ಲಿ ಫೋನ್ ಕರೆಗಳು ಬರುತ್ತಿರುವುದು ಅದೇ ಮನೆಯ ಒಳಗಿಂದ ಅಂತ ಗೊತ್ತಾಗುತ್ತದೆ, ಆದರೆ ಅವನು ಯಾರು, ಯಾಕೆ ಅಂತ ಸಿನಿಮಾ ಮುಗಿದರೂ ಹೇಳುವುದಿಲ್ಲ. ಅದನ್ನು ನೋಡಿ ಬಂದ ರಾತ್ರಿ ನಾನು ಮಂಚದ ಕೆಳಗೆ ಬಗ್ಗಿ ನೋಡಿದ್ದೇನೆ, ನಲವತ್ತು ದಾಟಿದ ಮೇಲೆ.

ಪ್ರಶ್ನೆ: ರಕ್ತಕ್ಕೆ ಏನು ಬಳಸೋದು? ಕುಂಕುಮದ ನೀರು ಕ್ಯಾಮೆರಾದಲ್ಲಿ ಗುಲಾಬಿ ಕಾಣುತ್ತದೆ.
– ಒಬ್ಬ ಓದುಗ, ಠಾಣೆ

‘ಸೈಕೋ’ದಲ್ಲಿ ಚಾಕೊಲೇಟ್ ಸಿರಪ್ ಬಳಸಿದ್ದರು. ಕಪ್ಪುಬಿಳುಪು ಸಿನಿಮಾ ನೋಡಿ, ನಡೆಯಿತು. ನೀವು ಸಕ್ಕರೆ ಪಾಕಕ್ಕೆ ಕೆಂಪು ಫುಡ್ ಕಲರ್ ಹಾಕಿ, ಚೂರೇ ಚೂರು ಕೋಕೋ ಪುಡಿ ಬೆರೆಸಿ. ಶೂಟಿಂಗ್ ಮುಗಿದ ಕೂಡಲೇ ನೆಲ ಒರೆಸಿ. ಇಲ್ಲದಿದ್ದರೆ ಬೆಳಗ್ಗೆ ಇರುವೆಗಳೇ ಹೆಣ ಎಳೆದುಕೊಂಡು ಹೋಗುತ್ತವೆ.

ಪ್ರಶ್ನೆ: ಸತ್ತ ಕೊಲೆಗಾರ ಮತ್ತೆ ಏಳುವುದು ಈಗ ಹಳಸಲಾಗಿದೆ. ನಾನು ಬರೆಯುತ್ತಿರುವ ಕತೆ ಇಲ್ಲಿನದೇ ಒಂದು ಮುಚ್ಚಿದ ಬೀಚ್ ಶ್ಯಾಕ್‌ನಲ್ಲಿ (ಕಡಲತೀರದ ಗುಡಿಸಲು ಹೋಟೆಲ್) ಮುಗಿಯುತ್ತದೆ. ಅವನನ್ನು ಸಾಯಿಸಿ ಮುಗಿಸಿಬಿಡಲಾ?
– ಒಬ್ಬ ಓದುಗರು, ವಾಸ್ಕೊ, ಗೋವಾ

ಏಳಿಸುವುದು ಹಳಸಿದೆ, ನಿಜ. ‘ಹ್ಯಾಲೋವೀನ್’ ಮುಗಿಯುವುದು ಹೇಗೆ ಅಂತ ಮತ್ತೊಮ್ಮೆ ನೋಡಿ. ಅವನಿಗೆ ಗುಂಡು ಬೀಳುತ್ತದೆ, ಬಾಲ್ಕನಿಯಿಂದ ಕೆಳಗೆ ಬೀಳುತ್ತಾನೆ, ಬಗ್ಗಿ ನೋಡಿದರೆ ಹುಲ್ಲಿನ ಮೇಲೆ ಯಾರೂ ಇಲ್ಲ. ಎಲ್ಲರೂ ಇಲ್ಲಿಯವರೆಗೆ ಕಾಪಿ ಹೊಡೆದರು. ಅದರ ನಂತರದ್ದನ್ನು ಬಿಟ್ಟರು. ಆಮೇಲೆ ಕ್ಯಾಮೆರಾ ಒಂದೊಂದೇ ಖಾಲಿ ಜಾಗ ತೋರಿಸುತ್ತದೆ, ಮೆಟ್ಟಿಲು, ಕೋಣೆ, ಮನೆಯ ಹೊರಗೆ. ಹಿಂದೆ ಉಸಿರಾಟದ ಸದ್ದು ಮಾತ್ರ.

ನೀವು ಅವನನ್ನು ಧಾರಾಳವಾಗಿ ಸಾಯಿಸಿ, ಪೊಲೀಸರು ಹೊತ್ತುಕೊಂಡೂ ಹೋಗಲಿ. ಮಳೆಗಾಲ ಮುಗಿದು ಶ್ಯಾಕ್ ಮತ್ತೆ ತೆರೆಯಲಿ. ಹೊಸ ಹುಡುಗ ಕುರ್ಚಿಗಳನ್ನು ಎಣಿಸಿ ಇಳಿಸುತ್ತಾನೆ, ಇಪ್ಪತ್ತನಾಲ್ಕು. ಟೀ ಕುಡಿದು ಬಂದು ಮತ್ತೆ ಎಣಿಸುತ್ತಾನೆ. ಒಂದು ಕುರ್ಚಿ ಸಮುದ್ರದ ಕಡೆ ತಿರುಗಿ ನಿಂತಿದೆ.