ಅಪ್ಪನಿಗೆ ಎದ್ದ ಕೂಡಲೇ ಕಣ್ಣು ಕತ್ತಲೆ ಕಟ್ಟುತ್ತದೆ, ಬಿಪಿ ನಾರ್ಮಲ್ ಅಂತಾರೆ. ಟಿಲ್ಟ್ ಟೇಬಲ್ ಟೆಸ್ಟ್ ಮಾಡಿಸಲೇಬೇಕಾ?

ಮೇಜಿನ ಮೇಲೆ ಮಲಗಿಸಿ ಬೆಲ್ಟ್ ಕಟ್ಟಿ, ಮೇಜನ್ನೇ ಓರೆಯಾಗಿ ಎಬ್ಬಿಸಿ ಬಿಪಿ ನೋಡುವ ಆ ಟಿಲ್ಟ್ ಟೇಬಲ್ ಆಮೇಲೆ ನೋಡೋಣ. ತಂದೆಯವರಿಗೆ 15 ವರ್ಷದ ಶುಗರ್ ಇದೆ, ಕ್ಲಿನಿಕ್ಕಿನಲ್ಲಿ ಕೂತಾಗ 130, ನಿಂತಾಗ 122 ಬಂತು, ಅದಕ್ಕೆ ನಾರ್ಮಲ್ ಅಂದರು ಅಂತ ಬರೆದಿದ್ದೀರಿ. ಬಿಪಿ, ಹೃದಯಬಡಿತಗಳನ್ನು ತಾವಾಗಿಯೇ ನಡೆಸುವ ನರಗಳನ್ನು ಪರೀಕ್ಷಿಸುವ ಅಟೊನಾಮಿಕ್ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಇಂಥ ಚೀಟಿ ಹೊಸದಲ್ಲ. ಎಡವಟ್ಟಾಗಿರುವುದು ಆ 'ಕೂತಾಗ' ಅನ್ನುವಲ್ಲೇ.

ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಆಗ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿ ಮಾಡಿ ಬಿಪಿ ಹಿಡಿದು ನಿಲ್ಲಿಸಬೇಕು. ಪರೀಕ್ಷಿಸಬೇಕಾದದ್ದು ಈ ಕೆಲಸವನ್ನೇ. ಕುರ್ಚಿಯಲ್ಲಿ ಕೂತವರಲ್ಲಿ ಒಂದು ಪಾಲು ರಕ್ತ ಆಗಲೇ ಇಳಿದಿರುತ್ತದೆ, ಬಿಪಿಯೂ ಒಂದಿಷ್ಟು ಬಿದ್ದಿರುತ್ತದೆ. ಬಿದ್ದ ಮೇಲಿನ ಅಂಕಿಯಿಂದ ಲೆಕ್ಕ ಶುರು ಮಾಡಿದರೆ ಇಳಿತ ಸಣ್ಣದಾಗಿಯೇ ಕಾಣುತ್ತದೆ. ಇದರ ಜೊತೆಗೆ ಕೈ. ನಿಂತಾಗ ಕೈ ಇಳಿಬಿಟ್ಟು, ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗೆ ಹೋದರೆ ಬಿಪಿ ಸುಮಾರು 8ರಷ್ಟು ಹೆಚ್ಚಾಗಿ ತೋರಿಸುತ್ತದೆ. ನಿಜವಾದ 24ರ ಇಳಿತ ಚೀಟಿಯಲ್ಲಿ 16 ಆಗಿ, 'ನಾರ್ಮಲ್' ಅಂತ ಮನೆಗೆ ಬರುತ್ತದೆ.

ಮನೆಯಲ್ಲೇ ಹೀಗೆ ಮಾಡಿ. ಬೆಳಿಗ್ಗೆ, ಕಾಫಿಗೂ ತಿಂಡಿಗೂ ಮುಂಚೆ. ಅಂಗಾತ ಮಲಗಿಸಿ, ಕನಿಷ್ಠ 5 ನಿಮಿಷ ಮಾತಿಲ್ಲದೆ ಇರಲಿ. ತೋಳಿಗೆ ಪಟ್ಟಿ ಕಟ್ಟಿ ಬಿಪಿ, ನಾಡಿ ಎರಡನ್ನೂ ಬರೆದುಕೊಳ್ಳಿ. ಎಬ್ಬಿಸಿ ನಿಲ್ಲಿಸಿ, 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಆಗ ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮಟ್ಟಕ್ಕೆ ನೀವೇ ಹಿಡಿದುಕೊಂಡಿರಿ, ಅವರೇ ಎತ್ತಿ ಹಿಡಿದರೆ ಸ್ನಾಯು ಬಿಗಿದು ಅಂಕಿ ಏರುತ್ತದೆ. ಇನ್ನೊಬ್ಬರು ಪಕ್ಕದಲ್ಲಿರಲಿ. ತಲೆ ತಿರುಗಿದರೆ ತಕ್ಷಣ ಮಲಗಿಸಿ.

ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಅದು ಆರ್ಥೋಸ್ಟಾಟಿಕ್ ಹೈಪೊಟೆನ್ಶನ್, ಅಂದರೆ ನಿಂತಾಗ ಬಿಪಿ ಬೀಳುವ ತೊಂದರೆ. ಮಲಗಿದಾಗಲೇ ಬಿಪಿ ಹೆಚ್ಚಿದ್ದರೆ ಮೇಲಿನದು 30 ಇಳಿದಿರಬೇಕು. ಇಷ್ಟಕ್ಕೇ ನರದ ಮೇಲೆ ತಪ್ಪು ಹೊರಿಸುವಂತಿಲ್ಲ, ನಾಡಿ ನೋಡಬೇಕು. 3ನೇ ನಿಮಿಷಕ್ಕೆ ನಾಡಿ ಎಷ್ಟು ಏರಿತೋ ಅದನ್ನು ಮೇಲಿನ ಅಂಕಿ ಇಳಿದದ್ದರಿಂದ ಭಾಗಿಸಿ. ಬಿಪಿ 150ರಿಂದ 110ಕ್ಕೆ ಬಿದ್ದು ನಾಡಿ 70ರಿಂದ 78ಕ್ಕಷ್ಟೇ ಹೋದರೆ 8 ಭಾಗ 40, ಅಂದರೆ 0.2. ಉತ್ತರ 0.5ಕ್ಕಿಂತ ಕಡಿಮೆಯಿದ್ದರೆ ನರದ ಮೇಲೆ ಬಲವಾದ ಅನುಮಾನ. ನಾಡಿ 30 ಏರಿದ್ದರೆ ನೀರಿನಂಶ ಕಡಿಮೆಯಾಗಿದೆಯಾ, ಮಾತ್ರೆಯಿಂದ ಆಗಿದೆಯಾ ಅಂತ ಮೊದಲು ನೋಡಿ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಅನ್ನು ಬಿಪಿ ಡಾಕ್ಟರಿಗೆ ಹೇಳಲು ಎಲ್ಲರೂ ಮರೆಯುತ್ತಾರೆ. ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ, ಪೇಸ್‌ಮೇಕರ್, ಹೃದಯ ತಾಳತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ ಈ ಭಾಗಾಕಾರ ಬಿಟ್ಟುಬಿಡಿ.

ಇಳಿತ ಸಿಕ್ಕಿದರೆ ಲ್ಯಾಬಿಗೆ ಬನ್ನಿ. ನಿಮಿಷಕ್ಕೆ 6 ಉಸಿರು ತೆಗೆಸಿ, ಹೃದಯಬಡಿತದ ಏರಿಳಿತ ನೋಡುವ ಪರೀಕ್ಷೆಯೊಂದನ್ನೇ ಮಾಡಿ 'ಅಟೊನಾಮಿಕ್ ಟೆಸ್ಟ್' ಅಂತ ಬಿಲ್ ಮಾಡುವವರಿದ್ದಾರೆ. ಅದು ಮುಖ್ಯವಾಗಿ ಹೃದಯಬಡಿತ ನಿಧಾನ ಮಾಡುವ ವೇಗಸ್ ನರದ ಪರೀಕ್ಷೆ, ಬಿಪಿ ಹಿಡಿಯುವ ನರಗಳ ಬಗ್ಗೆ ಹೇಳುವುದು ಕಡಿಮೆ. ನೀವು ಕೇಳಬೇಕಾದದ್ದು 'ವಾಲ್ಸಾಲ್ವಾ ಜೊತೆ ಬೀಟ್-ಟು-ಬೀಟ್ ಬಿಪಿ ಮಾಡ್ತೀರಾ?' ಅಂತ. ಬೆರಳಿಗೆ ಸಣ್ಣ ಪಟ್ಟಿ ಸುತ್ತಿ ಪ್ರತಿ ಬಡಿತದ ಬಿಪಿ ಅಳೆಯುತ್ತಾರೆ, ಸೂಜಿ ಚುಚ್ಚುವುದಿಲ್ಲ. ವಾಲ್ಸಾಲ್ವಾ ಅಂದರೆ ನಳಿಕೆಗೆ ಊದಿ 40 ಮಿ.ಮೀ. ಒತ್ತಡವನ್ನು 15 ಸೆಕೆಂಡು ಹಿಡಿಯುವುದು. ನಳಿಕೆಯಲ್ಲಿ ಸಣ್ಣ ತೂತು ಇರಲೇಬೇಕು, ಇಲ್ಲದಿದ್ದರೆ ಕೆನ್ನೆ ಉಬ್ಬಿಸಿಯೇ ಒತ್ತಡ ತೋರಿಸುವ ಮುಳ್ಳನ್ನು 40ಕ್ಕೆ ಏರಿಸಬಹುದು, ಎದೆಯ ಮೇಲೆ ಒತ್ತಡವೇ ಬೀಳುವುದಿಲ್ಲ. ನರ ಸರಿಯಿದ್ದರೆ ಊದುತ್ತಿರುವಾಗಲೇ ಬಿದ್ದ ಬಿಪಿ ಅರ್ಧ ದಾರಿಯಲ್ಲಿ ಚೇತರಿಸಿಕೊಂಡು, ಬಿಟ್ಟ ಮೇಲೆ ಮೊದಲಿಗಿಂತ ಮೇಲಕ್ಕೆ ಜಿಗಿಯುತ್ತದೆ. ನರ ಸೋತಿದ್ದರೆ ಊದಿ ಮುಗಿಯುವವರೆಗೂ ಇಳಿಯುತ್ತಲೇ ಹೋಗುತ್ತದೆ, ಆಮೇಲೆ ಜಿಗಿತವೂ ಇಲ್ಲ. ಬೆರಳು ತಣ್ಣಗಿದ್ದರೆ ಈ ಗ್ರಾಫ್ ಕೆಡುತ್ತದೆ, ಏಸಿ ಕೋಣೆಯಾದರೆ ಮೊದಲು ಕೈ ಬೆಚ್ಚಗೆ ಮಾಡಿಸಿ.

ಶುಗರ್ ಇರುವವರು ಅದಕ್ಕೂ ಮುಂಚೆ ರೆಟಿನಾ ತೋರಿಸಿಕೊಳ್ಳಬೇಕು. ಕಣ್ಣಿನಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಊದುವ ಪರೀಕ್ಷೆ ಬೇಡ, ರಕ್ತಸ್ರಾವ ಆಗಬಹುದು.

ಟಿಲ್ಟ್ ಬೇಕಾಗುವುದು ನಿಲ್ಲಲು ತ್ರಾಣವಿಲ್ಲದವರಿಗೆ, 3 ನಿಮಿಷ ದಾಟಿದ ಮೇಲೆ ಬಿಪಿ ಬೀಳುವವರಿಗೆ, ಕಾರಣ ಗೊತ್ತಾಗದೆ ಪ್ರಜ್ಞೆ ತಪ್ಪುವವರಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಟೊನಾಮಿಕ್ ಲ್ಯಾಬ್ ಇದೆ. ಎಲ್ಲಿಗೇ ಹೋದರೂ ಮನೆಯ ಅಂಕಿಗಳ ಹಾಳೆ, ಮಾತ್ರೆಗಳ ಪಟ್ಟಿ ಜೊತೆಗಿರಲಿ. ಪರೀಕ್ಷೆಗಾಗಿ ಯಾವ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಲಿ, ಬಿಪಿ ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಬೇಡಿ.