ಹಳೆಯ ದೋಣಿಗೆ ಯಾವ ಎಂಜಿನ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 14 ಅಡಿಯ ಫೈಬರ್ ದೋಣಿ, ಮೂವತ್ತು ವರ್ಷ ಹಳೆಯದು. 20 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವಂಥದ್ದು) ಇನ್ನು ರಿಪೇರಿಯಾಗದು ಎಂದು ಮೆಕ್ಯಾನಿಕ್ ಕೈಚೆಲ್ಲಿದ್ದಾರೆ. ಈಗ ಫೋರ್-ಸ್ಟ್ರೋಕ್ ತರುವ ಯೋಚನೆಯಿದೆ. 30 ಎಚ್‌ಪಿ ತನಕ ಹೋಗಬಹುದೇ? ದೋಣಿಗೆ ಬಡಿದಿದ್ದ ಸಾಮರ್ಥ್ಯದ ಫಲಕ ಎಂದೋ ಉದುರಿಹೋಗಿದೆ.

ಉತ್ತರ: ಎಚ್‌ಪಿಯ ಮಾತು ಆಮೇಲೆ. ಮೊದಲು ಎಂಜಿನ್ ಕೂರುವ ಹಿಂಬದಿಯ ಗೋಡೆಯನ್ನು, ಅಂದರೆ ಟ್ರಾನ್ಸಮ್ ಅನ್ನು ಪರೀಕ್ಷಿಸಿ. ಈ ವಯಸ್ಸಿನ ಫೈಬರ್ ದೋಣಿಗಳಲ್ಲಿ ಅದರ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತು, ನೀರು ಬಸಿಯುವ ರಂಧ್ರ, ಸಡಿಲವಾದ ಸ್ಕ್ರೂಗಳ ಮೂಲಕ ನೀರಿಳಿದು ಆ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಹೊರಮೈ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ.

ಹಳೆಯ ಎಂಜಿನ್ ಇನ್ನೂ ದೋಣಿಯಲ್ಲಿದ್ದರೆ ಒಳ್ಳೆಯದಾಯಿತು. ಅದನ್ನು ನೇರಕ್ಕೆ ಇಳಿಸಿ, ಕೆಳತುದಿಯ ಗೇರ್ ಭಾಗವನ್ನು ಹಿಡಿದು ಹಿಂದೆ ಮುಂದೆ ಜಗ್ಗಿ. ಇನ್ನೊಬ್ಬರು ಟ್ರಾನ್ಸಮ್‌ನ ಮೇಲಂಚನ್ನು ನೋಡುತ್ತಿರಲಿ. ಅಂಚು ಕಣ್ಣಿಗೆ ಕಾಣುವಷ್ಟು ಬಾಗಿದರೆ ಅಥವಾ ಮೂಲೆಗಳಲ್ಲಿ ಬಿರುಕು ಬಾಯ್ತೆರೆದರೆ ಎಂಜಿನ್ ಕೊಳ್ಳುವ ಕೆಲಸ ಅಲ್ಲಿಗೇ ನಿಲ್ಲಬೇಕು. ಬಳಿಕ ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಮರ ಟಕ್ ಟಕ್ ಎನ್ನುತ್ತದೆ, ಕೊಳೆತದ್ದು ಡಬ್ ಎಂದು ಸತ್ತ ದನಿ ಕೊಡುತ್ತದೆ. ಅನುಮಾನ ಉಳಿದರೆ ಬಸಿರಂಧ್ರದ ಹತ್ತಿರ, ದೋಣಿಯ ಒಳಮೈಯಿಂದ 4 ಮಿ.ಮೀ. ತೂತು ಕೊರೆಯಿರಿ, ಹೊರಮೈಯನ್ನು ಮುಟ್ಟಬೇಡಿ. ಹೊಟ್ಟು ಒಣಗಿ ತಿಳಿಬಣ್ಣದಲ್ಲಿದ್ದರೆ ಸರಿ. ಕಪ್ಪಗೆ, ಒದ್ದೆಯಾಗಿ ಬಂದರೆ ಪ್ಲೈವುಡ್ ಬದಲಿಸದೆ ಗತಿಯಿಲ್ಲ. ನೋಡಿಯಾದ ಮೇಲೆ ತೂತನ್ನು ಎಪಾಕ್ಸಿಯಿಂದ ಮುಚ್ಚಿ.

ಈಗ ತೂಕ. ಇಂದಿನ 20 ಎಚ್‌ಪಿ ಫೋರ್-ಸ್ಟ್ರೋಕ್‌ಗಳು ಹೆಚ್ಚುಕಡಿಮೆ 45ರಿಂದ 55 ಕೆ.ಜಿ. ತೂಗುತ್ತವೆ. ನಿಮ್ಮ ಹಳೆಯದರ ತೂಕಕ್ಕಿಂತ ಬಹಳ ದೂರವಿಲ್ಲ. 30ಕ್ಕೆ ಹೋದಿರೋ, ಬೇರೆಯೇ ದೊಡ್ಡ ಬ್ಲಾಕು. 60ರಿಂದ 75 ಕೆ.ಜಿ. ಆ ಹೆಚ್ಚುವರಿ ತೂಕ ದೋಣಿಯ ಕಟ್ಟಕಡೆಯ ತುದಿಯಲ್ಲಿ, ಎಂಜಿನ್ ತಿರುಗಿಸುವ ಹಿಡಿಯ ಬಳಿ ಕೂತ ನಿಮ್ಮ ಪಕ್ಕದಲ್ಲೇ ಬೀಳುತ್ತದೆ. ಹಿಂಬದಿ ತಗ್ಗಿ, ವೇಗ ಇಳಿಸಿದಾಗ ಹಿಂದಿನಿಂದ ಬರುವ ಅಲೆ ಟ್ರಾನ್ಸಮ್ ಹತ್ತಿ ಒಳಬರುತ್ತದೆ. ಕೊಳ್ಳುವ ಮೊದಲು ಒಂದು ಪ್ರಯೋಗ ಮಾಡಿ: ಹೊಸ ಎಂಜಿನ್ನಿನ ತೂಕದಷ್ಟು ಮರಳು ಚೀಲಗಳನ್ನು ಟ್ರಾನ್ಸಮ್‌ಗೆ ಒತ್ತಿಟ್ಟು, ನೀವು ನಿಮ್ಮ ಜಾಗದಲ್ಲಿ ಕೂತು, ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಹೊರಗಿನಿಂದ ಗುರುತು ಹಾಕಿಸಿ. ಕ್ಯಾಟಲಾಗ್ ಹೇಳದ್ದನ್ನು ಆ ಗೆರೆ ಹೇಳುತ್ತದೆ. ಬ್ಯಾಟರಿ, ಪೆಟ್ರೋಲ್ ಟ್ಯಾಂಕುಗಳನ್ನು ಮುಂದಕ್ಕೆ ಸರಿಸಿದರೆ ಸ್ವಲ್ಪ ಸರಿಹೋಗುತ್ತದೆ.

ಫಲಕವಿಲ್ಲದ ದೋಣಿಗೆ ಅಮೆರಿಕದ ಕೋಸ್ಟ್ ಗಾರ್ಡ್ ಬಳಸುವ ಲೆಕ್ಕ ಉಪಯೋಗಕ್ಕೆ ಬರುತ್ತದೆ. ದೋಣಿಯ ಉದ್ದವನ್ನು ಟ್ರಾನ್ಸಮ್‌ನ ಅಗಲದಿಂದ ಗುಣಿಸಿ, ಎರಡೂ ಅಡಿಗಳಲ್ಲಿ. ಅಗಲ 4.5 ಅಡಿ ಎಂದುಕೊಂಡರೆ 63 ಬರುತ್ತದೆ. ಹಿಡಿಯಿಂದ ತಿರುಗಿಸುವ, ತಳ ಚಪ್ಪಟೆಯಲ್ಲದ ದೋಣಿಗೆ 63ರ 0.8 ಪಟ್ಟಿನಿಂದ 25 ಕಳೆಯಬೇಕು: 25.4. ಅದನ್ನು ಮುಂದಿನ ಐದರ ಗುಣಕಕ್ಕೆ ಏರಿಸಬಹುದು, ಅಂದರೆ 30. ಬದಿಗಳು ಮೂಲೆ ಮಾಡಿ ಸೇರುವ ಚಪ್ಪಟೆ ತಳಕ್ಕಾದರೆ 63ರ ಅರ್ಧದಿಂದ 15 ಕಳೆದು 16.5, ಏರಿಸಿದರೆ 20. ಗುಣಲಬ್ಧ 52.5 ದಾಟಿದ ದೋಣಿಗಳಿಗೆ ಮಾತ್ರ ಈ ಸೂತ್ರ. ಇದು ಗರಿಷ್ಠ ಮಿತಿ, ಅದೂ ಗಟ್ಟಿಮುಟ್ಟಾದ ದೋಣಿಗೆ.

ನಮ್ಮ ಸಲಹೆ 20 ಎಚ್‌ಪಿ. 1980ರ ದಶಕದ ನಡುವಿನ ತನಕ ಶಕ್ತಿಯನ್ನು ಎಂಜಿನ್ನಿನೊಳಗಿನ ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಅಳೆಯುತ್ತಿದ್ದರು, ಆಮೇಲೆ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ, ಅಂದರೆ ನಡುವಿನ ಗೇರುಗಳಲ್ಲಿ ಕಳೆದುಹೋಗುವಷ್ಟನ್ನು ಬಿಟ್ಟು. ಹಾಗಾಗಿ ನಿಮ್ಮ ಎಂಜಿನ್ ದೋಣಿಗಿಂತಲೂ ಹಳೆಯದಾಗಿದ್ದರೆ, ಇಂದಿನ 20 ಅದರ 20ಕ್ಕಿಂತ ತುಸು ಹೆಚ್ಚೇ.

ಪ್ರಶ್ನೆ: ಎಂಜಿನ್ನಿನ ಕೆಳಕ್ಕಿಳಿಯುವ ಕಾಲು ಗಿಡ್ಡದ್ದು (ಶಾರ್ಟ್ ಶಾಫ್ಟ್) ಬೇಕೋ ಉದ್ದದ್ದು (ಲಾಂಗ್ ಶಾಫ್ಟ್) ಬೇಕೋ ಹೇಗೆ ತಿಳಿಯುವುದು? ನಮ್ಮ ಟ್ರಾನ್ಸಮ್ ಅಳೆದರೆ 17 ಇಂಚು ಬರುತ್ತದೆ.

ಉತ್ತರ: ಅಳತೆಯನ್ನು ಟ್ರಾನ್ಸಮ್‌ನ ನಡುಮಧ್ಯದಲ್ಲಿ, ಮೇಲಂಚಿನಿಂದ ತಳದ ಕೊನೆಯವರೆಗೆ ತೆಗೆದುಕೊಂಡಿದ್ದೀರಾ? ಬದಿಯಲ್ಲಿ ಅಳೆದು ಮೋಸಹೋಗುವವರು ಬಹಳ ಮಂದಿ. ಎಂಜಿನ್‌ಗಳು ಬರುವುದು 15 (ಶಾರ್ಟ್), 20 (ಲಾಂಗ್), 25 (ಎಕ್ಸ್‌ಟ್ರಾ ಲಾಂಗ್) ಇಂಚಿಗೆ. ಮಿಲಿಮೀಟರಿನಲ್ಲಿ 381, 508, 635. ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ, ಮೆಕ್ಯಾನಿಕ್‌ಗಳು ಕ್ಯಾವಿಟೇಶನ್ ಪ್ಲೇಟ್ ಎನ್ನುವುದು, ದೋಣಿಯ ತಳಕ್ಕೆ ಸಮನಾಗಿರಬೇಕು ಅಥವಾ ಹೆಚ್ಚೆಂದರೆ ಒಂದು ಇಂಚು ಕೆಳಗಿರಬೇಕು.

17 ಇಂಚಿಗೆ ಶಾರ್ಟ್ ಶಾಫ್ಟ್ ಹಾಕಿದರೆ ತಟ್ಟೆ 2 ಇಂಚು ಮೇಲಾಗುತ್ತದೆ. ತಿರುವಿನಲ್ಲಿ, ಅಲೆಯಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಸುಮ್ಮನೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ತಂಪಿಗೆ ಬೇಕಾದ ನೀರೂ ಸರಿಯಾಗಿ ಒಳಬಾರದೆ ಎಂಜಿನ್ ಕಾಯುತ್ತದೆ. ಲಾಂಗ್ ಹಾಕಿದರೆ 3 ಇಂಚು ಆಳಕ್ಕಿಳಿದು ನೀರು ಚಿಮ್ಮಿಸುತ್ತದೆ, ಎಳೆತ ಹೆಚ್ಚುತ್ತದೆ, ಆಳವಿಲ್ಲದ ಕಡೆ ತಳಕ್ಕೆ ತಾಗುತ್ತದೆ. ಎರಡರಲ್ಲಿ ಲಾಂಗ್ ಆರಿಸಿ, ಟ್ರಾನ್ಸಮ್ ಅನ್ನು ಎರಡೂವರೆ ಇಂಚು ಎತ್ತರಿಸಿ. ಬರಿಯ ಮರದ ತುಂಡನ್ನು ಮೇಲಂಚಿಗೆ ಅಂಟಿಸಿ ಕ್ಲಾಂಪ್ ಬಿಗಿದರೆ ಅದು ಕಿತ್ತುಬರುತ್ತದೆ. ಹಳೆಯ ಟ್ರಾನ್ಸಮ್‌ನ ಒಳಹೊರಗೆ ಕೆಳಗಿನವರೆಗೂ ಇಳಿಯುವ ಹಲಗೆ ಕೊಟ್ಟು, ಆರಪಾರ ಸ್ಟೇನ್‌ಲೆಸ್ ಬೋಲ್ಟು ಹಾಕಬೇಕು. ಕೊನೆಯಲ್ಲಿ ಒಟ್ಟು ದಪ್ಪ ಎಂಜಿನ್ನಿನ ಕ್ಲಾಂಪ್ ಬಾಯಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಿ. ತೂತುಗಳಿಗೆ ಸಿಲಿಕೋನ್ ಬೇಡ, ದೋಣಿಗೆಂದೇ ಬರುವ ಪಾಲಿಯುರಿಥೇನ್ ಸೀಲಂಟ್ ಬಳಸಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಮೊದಲು ಗೇರ್ ಆಯಿಲ್. ಎಂಜಿನ್ ರಾತ್ರಿಯಿಡೀ ನೆಟ್ಟಗೆ ನಿಂತಿರಲಿ. ಕೆಳಗಿನ ಸ್ಕ್ರೂವನ್ನು ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಒಳಗಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿದೆ. ಸ್ಕ್ರೂವಿನ ಆಯಸ್ಕಾಂತಕ್ಕೆ ನುಣುಪಾದ ಬೂದು ಲೇಪ ಅಂಟಿದ್ದರೆ ಚಿಂತೆಯಿಲ್ಲ, ಲೋಹದ ಚೂರು ಕಂಡರೆ ಗೇರ್ ಒಡೆದಿದೆ. ಮತ್ತೆ ತುಂಬುವಾಗ ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನದರಿಂದ ಎಣ್ಣೆ ಹೊರಬರುವವರೆಗೆ.

ಎರಡನೆಯದು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅವುಗಳ ವೈರುಗಳನ್ನು ಬ್ಲಾಕಿಗೆ ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. ಸಿಲಿಂಡರುಗಳ ನಡುವೆ ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಹಗ್ಗ ಎಳೆದು ಚಾಲೂ ಮಾಡುವ ಎಷ್ಟೋ ಫೋರ್-ಸ್ಟ್ರೋಕ್‌ಗಳಲ್ಲಿ ಎಳೆತ ಹಗುರಾಗಲೆಂದು ಒತ್ತಡ ಬಿಟ್ಟುಕೊಡುವ ಏರ್ಪಾಡಿರುತ್ತದೆ. ಅಂಥವುಗಳಲ್ಲಿ ಅಂಕಿ ಕಡಿಮೆ ಬಂತೆಂದು ಗಾಬರಿಯಾಗಬೇಡಿ, ವ್ಯತ್ಯಾಸವನ್ನಷ್ಟೇ ನೋಡಿ.

ಚಾಲೂ ಮಾಡಿ ತೋರಿಸುವುದು ನೀರು ತುಂಬಿದ ಡ್ರಮ್ಮಿನಲ್ಲೇ ಆಗಬೇಕು. ಒಣಗಿ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಹಿಂದಿನಿಂದ ನೀರಿನ ಧಾರೆ ಬಿಡುವಿಲ್ಲದೆ ಬರಬೇಕು. ಧಾರೆ ಎಷ್ಟೇ ಚೆನ್ನಾಗಿದ್ದರೂ ಕೊಂಡ ಮೇಲೆ ಇಂಪೆಲ್ಲರ್ ಬದಲಿಸಿಬಿಡಿ.

ಪ್ರಶ್ನೆ: 16 ಅಡಿಯ ಭಾರವಾದ ಮರದ ದೋಣಿ, ನಿಧಾನಕ್ಕೆ ಸಾಗುವಂಥದ್ದು. 8 ಎಚ್‌ಪಿ ಬದಲು 15 ಹಾಕಿದರೆ ವೇಗ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ನೀರನ್ನು ಸೀಳಿಕೊಂಡು ಸಾಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ: ನೀರಿಗೆ ತಾಗುವ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿ. 16 ಅಡಿಗೆ ಸುಮಾರು 5.4 ನಾಟ್, ಗಂಟೆಗೆ 10 ಕಿ.ಮೀ. ಅದನ್ನು ದಾಟಿಸಲು ಹೋದರೆ ಮೂತಿ ಮೇಲೆದ್ದು ಹಿಂಬದಿ ಕುಸಿಯುತ್ತದೆ, ಪೆಟ್ರೋಲು ಅಲೆ ಎಬ್ಬಿಸಲಿಕ್ಕೇ ಖರ್ಚಾಗುತ್ತದೆ. ಶಕ್ತಿ ಅಷ್ಟೇ ಇರಲಿ. ಗೇರ್ ಅನುಪಾತ ಹೆಚ್ಚಿರುವ, ಅಗಲವಾದ, ಕಡಿಮೆ ಪಿಚ್ಚಿನ (ಒಂದು ಸುತ್ತಿಗೆ ಮುಂದೆ ಸಾಗುವ ದೂರವೇ ಪಿಚ್) ಪ್ರೊಪೆಲ್ಲರ್ ಇರುವ ಹೈ-ಥ್ರಸ್ಟ್ ಮಾದರಿ ಹುಡುಕಿ. ಎದುರುಗಾಳಿಯಲ್ಲಿ, ದಡಕ್ಕೆ ತಿರುಗಿಸುವಾಗ ಅದರ ಹಿಡಿತ ಗೊತ್ತಾಗುತ್ತದೆ.

ಪ್ರಶ್ನೆ: ಹೊಸ ಎಂಜಿನ್ ಪೂರ್ಣ ಥ್ರಾಟಲ್‌ನಲ್ಲೂ 5,000 ಆರ್‌ಪಿಎಂ ದಾಟುತ್ತಿಲ್ಲ. ಕೈಪಿಡಿಯಲ್ಲಿ 5,000ದಿಂದ 6,000 ಎಂದಿದೆ. ಹೀಗೇ ಬಿಡಬಹುದೇ?

ಉತ್ತರ: ಬಿಡಬೇಡಿ, ಎಂಜಿನ್ ಸದಾ ಏದುಸಿರು ಬಿಡುತ್ತಿರುತ್ತದೆ. ಪ್ರೊಪೆಲ್ಲರಿನ ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ನೀವು ಮೂರು ಇಂಚು ಕಡಿಮೆಯದನ್ನು ಹಾಕಿದರೆ 5,500ರ ಆಸುಪಾಸಿಗೆ ಬರುತ್ತೀರಿ. ಪರೀಕ್ಷೆ ಮಾಡುವಾಗ ಎಂದಿನಷ್ಟೇ ಜನ, ಸಾಮಾನು ದೋಣಿಯಲ್ಲಿರಲಿ.

ಪ್ರಶ್ನೆ: ಹಳೆಯ ಟ್ಯಾಂಕು, ಪೈಪು, ವೇಗ-ಗೇರ್ ಬದಲಿಸುವ ಕಂಟ್ರೋಲ್ ಬಾಕ್ಸ್ ಹೊಸ ಎಂಜಿನ್‌ಗೆ ನಡೆಯುತ್ತವೆಯೇ?

ಉತ್ತರ: ಟ್ಯಾಂಕ್ ನಡೆಯುತ್ತದೆ, ಆದರೆ ಟೂ-ಸ್ಟ್ರೋಕಿನ ಎಣ್ಣೆ ಬೆರೆತ ಪೆಟ್ರೋಲನ್ನು ಪೂರ್ತಿ ಚೆಲ್ಲಿ ತೊಳೆಯಿರಿ. ಪೈಪು, ಪ್ರೈಮರ್ ಬಲ್ಬ್ (ಪೆಟ್ರೋಲ್ ಏರಿಸಲು ಕೈಯಿಂದ ಒತ್ತುವ ರಬ್ಬರ್ ಉಂಡೆ) ಹೊಸದೇ ಬೇಕು. ಹಳೆಯ ಪೈಪಿನ ಒಳಪದರ ಕಳಚಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಬಲ್ಬಿನ ಬಾಣ ಎಂಜಿನ್ ಕಡೆಗಿರಲಿ, ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಇರಲಿ. ಕನೆಕ್ಟರುಗಳು ಕಂಪನಿಯಿಂದ ಕಂಪನಿಗೆ ಬೇರೆ. ಕಂಟ್ರೋಲ್ ಬಾಕ್ಸೂ ಹಾಗೆಯೇ: ಕೇಬಲಿನ ತುದಿ, ಎಳೆಯುವ ದಿಕ್ಕು, ವೈರಿಂಗ್ ಪ್ಲಗ್ ಮೂರೂ ಹೊಂದಬೇಕು. ಬೇರೆ ಕಂಪನಿಯ ಎಂಜಿನ್ ತರುವುದಾದರೆ ಬಾಕ್ಸ್, ಕೇಬಲ್ಲುಗಳನ್ನೂ ಅದರ ಜೊತೆಗೇ ಕೊಳ್ಳಿ.