ಗಂಡ ಮೊದಲ ಸಲ ಎಕ್ಸ್‌ಟೆರಾ, ಅಂದರೆ ಕಾಡು-ಗುಡ್ಡದ ದಾರಿಯ ಟ್ರಯಥ್ಲಾನ್ ರೇಸ್‌ಗೆ ಇಳಿಯುತ್ತಿದ್ದಾರೆ. ನಾಲ್ಕು ವರ್ಷದ ಮಗಳ ಜೊತೆ ನೋಡಲು ಹೋಗುತ್ತಿದ್ದೇನೆ. ಈಜು, ಸೈಕಲ್, ಓಟ ಮೂರೂ ಕಾಣುವಂತೆ ಎಲ್ಲಿ ನಿಲ್ಲಬೇಕು?

ಮೂರೂ ಕಾಣುವ ಜಾಗ ಇಲ್ಲ. ಹುಡುಕಲೂ ಹೋಗಬೇಡಿ. ನಾನು ಹುಡುಕಿಕೊಂಡು ಹೋಗಿ, ನಮ್ಮನೆಯವರು ಫಿನಿಶ್ ಲೈನ್ ದಾಟುವುದನ್ನೇ ನೋಡಲಿಲ್ಲ.

ನಾವಿರುವುದು ಮ್ಯೂನಿಕ್‌ನಲ್ಲಿ. ಆಲ್ಪ್ಸ್‌ನ ಬ್ರೆನ್ನರ್ ಘಾಟಿ ದಾಟಿ ಇಟಲಿಯ ಮೊಲ್ವೆನೊಗೆ ಕಾರಿನಲ್ಲಿ ಹೋಗಿದ್ದೆವು. ಎಕ್ಸ್‌ಟೆರಾ ಶುರುವಾಗಿದ್ದು 1996ರಲ್ಲಿ, ಹವಾಯಿಯ ಮಾವಿ ದ್ವೀಪದಲ್ಲಿ. ವಿಶ್ವ ಚಾಂಪಿಯನ್‌ಶಿಪ್ 2021ರವರೆಗೂ ಅಲ್ಲೇ ಇತ್ತು, 2022ರಿಂದ ಕೆಲವು ವರ್ಷ ಮೊಲ್ವೆನೊದಲ್ಲಿ ನಡೆಯಿತು. ಅದರಲ್ಲೊಂದು ವರ್ಷ ಇವರಿಗೆ ಸ್ಲಾಟ್, ಅಂದರೆ ಭಾಗವಹಿಸುವ ಅವಕಾಶ ಸಿಕ್ಕಿತು. ಅರ್ಹತಾ ರೇಸಿನಲ್ಲಿ ಇವರಿಗಿಂತ ಮುಂದಿದ್ದವರು ಬೇಡ ಅಂದಿದ್ದರಿಂದ ಸಿಕ್ಕಿದ್ದು. ಇವರು ಅದನ್ನು ಯಾರಿಗೂ ಹೇಳುವುದಿಲ್ಲ, ನಾನು ಎಲ್ಲರಿಗೂ ಹೇಳುತ್ತೇನೆ.

ಈಜುವಾಗ ಏನೂ ಕಾಣುವುದಿಲ್ಲ. ಎಲ್ಲರದ್ದೂ ಕಪ್ಪು ವೆಟ್‌ಸೂಟ್, ಒಂದೇ ಬಣ್ಣದ ಟೋಪಿ. ಆದರೆ ನೀರಿನಿಂದ ಎದ್ದು ಟ್ರಾನ್ಸಿಷನ್‌ಗೆ, ಅಂದರೆ ಬಟ್ಟೆ-ಶೂ ಬದಲಿಸಿ ಸೈಕಲ್ ಹಿಡಿಯುವ ಜಾಗಕ್ಕೆ ಓಡಿ ಬಂದರಲ್ಲ, ಅದು ನೋಡುವಂಥದ್ದು. ಬೇಲಿಯ ಆಚೆ ನಾಲ್ಕು ಹೆಜ್ಜೆ ದೂರದಲ್ಲಿ ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ, ಹಿಮ್ಮಡಿಗೆ ಅಂಟಿಕೊಂಡ ವೆಟ್‌ಸೂಟನ್ನು ಇನ್ನೊಂದು ಕಾಲಿನಿಂದ ತುಳಿದು ಎಳೆಯುತ್ತಿದ್ದರು. "ಸಾಕ್ಸ್ ಎಲ್ಲೇ?" ಅಂತ ಕೂಗಿದರು. ಸಾಕ್ಸ್ ನನ್ನ ಬ್ಯಾಗಿನಲ್ಲಿತ್ತು! ಕೊಡುವಂತಿಲ್ಲ. ಹೊರಗಿನವರ ಸಹಾಯ ನಿಷಿದ್ಧ. ನೀರಿನ ಬಾಟಲಿ, ಟ್ಯೂಬ್, ಏನನ್ನೂ ಕೈಗೆ ಕೊಡಬಾರದು. ನಿಮ್ಮ ಮಗಳು ಪ್ರೀತಿಯಿಂದ ಬಿಸ್ಕತ್ತು ಕೊಡಲು ಹೋದಾಳು, ಮೊದಲೇ ಹೇಳಿಟ್ಟಿರಿ.

ಈಗ ನಾನು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. ಇಳಿಜಾರಿನಲ್ಲಿ ಬಂಡೆ, ಬೇರು ತುಂಬಿದ ಜಾಗದಲ್ಲಿ ಒಳ್ಳೆ ಫೋಟೋ ಸಿಗುತ್ತದೆ ಅಂತ ಯಾರೋ ಹೇಳಿದ್ದರು. ಕಾಡಿನೊಳಗೆ ಏದುಸಿರು ಬಿಡುತ್ತಾ ಹತ್ತಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಬಂದವರೆಲ್ಲ ಮಣ್ಣಿನ ಬಣ್ಣ. ಸೈಕಲ್ ಮುಂದಿನ ನಂಬರ್ ಪ್ಲೇಟಿನ ಮೇಲೂ ಕೆಸರು. ನಾನು ನೀಲಿ ಹೆಲ್ಮೆಟ್ ಕಾಯುತ್ತಿದ್ದೆ, ಆದರೆ ಅಷ್ಟೊತ್ತಿಗೆ ಯಾವ ಹೆಲ್ಮೆಟ್ಟೂ ನೀಲಿಯಾಗಿ ಉಳಿದಿರಲಿಲ್ಲ. ಬೇರೆ ಗುರುತು ಏನನ್ನೂ ಕೇಳಿಟ್ಟುಕೊಂಡಿರಲಿಲ್ಲ. ಅದೂ ಸಾಲದು ಅಂತ ತಿರುವಿನ ಒಳಮಗ್ಗುಲಲ್ಲಿ ನಿಂತಿದ್ದೆ. ಸವಾರರು ಮರದ ಹಿಂದಿನಿಂದ ಬಂದು ಎರಡು ಸೆಕೆಂಡಿನಲ್ಲಿ ಮಾಯ. ಅವರ ಕಣ್ಣೆಲ್ಲ ಮುಂದಿನ ಕಲ್ಲಿನ ಮೇಲೆ, ಪಕ್ಕದಲ್ಲಿ ಹೆಂಡತಿ ನಿಂತಿದ್ದಾಳೋ ಹಸು ನಿಂತಿದೆಯೋ ಯಾರಿಗೆ ಗೊತ್ತು? ಫೋನ್ ಸಿಗ್ನಲ್ ಇಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ರೇಸಿನ ಟ್ರ್ಯಾಕಿಂಗ್ ಆ್ಯಪ್ ತೋರಿಸುವುದು ದಾರಿಯಲ್ಲಿ ಅಲ್ಲಲ್ಲಿ ಹಾಸಿರುವ, ಸಮಯ ದಾಖಲಿಸುವ ಟೈಮಿಂಗ್ ಮ್ಯಾಟ್ ದಾಟಿದ ಹೊತ್ತನ್ನು ಮಾತ್ರ, ಮನುಷ್ಯ ಈಗ ಎಲ್ಲಿದ್ದಾನೆ ಅನ್ನುವುದನ್ನಲ್ಲ.

ಇವರು ನನ್ನ ಮುಂದೆಯೇ ಹೋಗಿದ್ದರು. ನನಗೆ ಗೊತ್ತಾಗಲಿಲ್ಲ. ಕಾಯುತ್ತಲೇ ಇದ್ದೆ. ಕೊನೆಯವರ ಹಿಂದೆ ಬರುವ ಸಿಬ್ಬಂದಿಯ ಸೈಕಲ್ಲೂ ಬಂದಾಗ ಎದೆ ಧಸಕ್ಕೆಂದಿತು. ಎಲ್ಲೋ ಬಿದ್ದಿದ್ದಾರೆ ಅಂದುಕೊಂಡೆ. ಒಬ್ಬ ಸ್ವಯಂಸೇವಕ ವಾಕಿಟಾಕಿಯಲ್ಲಿ ನಂಬರ್ ವಿಚಾರಿಸಿ, ಆಗಲೇ ಓಡುತ್ತಿದ್ದಾರೆ ಅಂದ. ಬಿದ್ದೂ ಎದ್ದೂ ಇಳಿದು ಬಂದರೆ ಸರೋವರದ ದಂಡೆಯಲ್ಲಿ ಮೆಡಲ್ ಹಾಕಿಕೊಂಡು ಪಾಸ್ತಾ ತಿನ್ನುತ್ತಿದ್ದಾರೆ. "ಎಲ್ಲಿ ಹೋಗಿದ್ದೆ ಮಾರಾಯ್ತಿ?" ಅಂತ ನನ್ನನ್ನೇ ಕೇಳಿದರು.

ಹಾಗಾಗಿ ಇಳಿಜಾರು ಬೇಡ, ಏರಿನಲ್ಲಿ ನಿಲ್ಲಿ. ಅಲ್ಲಿ ಸೈಕಲ್ ನಡಿಗೆಯ ವೇಗಕ್ಕೆ ಬಂದಿರುತ್ತದೆ. ಕೆಲವರು ತಳ್ಳಿಕೊಂಡೇ ಹೋಗುತ್ತಾರೆ. ಮುಖ ಕಾಣುತ್ತದೆ, ಬೈಗುಳ ಕೇಳುತ್ತದೆ, ಮಗಳು "ಅಪ್ಪಾ" ಅಂದರೆ ಅವರಿಗೂ ಕೇಳಿಸುತ್ತದೆ. ಟ್ರಾನ್ಸಿಷನ್‌ನಿಂದ ನಡೆದು ಹೋಗಿ ಬರುವಷ್ಟು ಹತ್ತಿರದ ಏರು ಸಾಕು. ಅದಕ್ಕಿಂತ ದೂರ ಮಗುವನ್ನು ಕರೆದುಕೊಂಡು ಹೋಗಬೇಡಿ.

ರಸ್ತೆ ಸೈಕಲ್‌ನ ಲೆಕ್ಕವನ್ನೂ ಮರೆತುಬಿಡಿ. ಪೂರ್ತಿ ದೂರದ ರೇಸಿನಲ್ಲಿ ಸುಮಾರು 1.5 ಕಿ.ಮೀ. ಈಜು, 30 ಕಿ.ಮೀ. ಆಸುಪಾಸು ಸೈಕಲ್, 10 ಕಿ.ಮೀ. ಓಟ. ಟಾರು ರಸ್ತೆಯಲ್ಲಾದರೆ 30 ಕಿ.ಮೀ.ಗೆ ಒಂದು ಗಂಟೆಯೇ ಹೆಚ್ಚಾಯಿತು. ಗುಡ್ಡದಲ್ಲಿ ನಮ್ಮಂಥವರ ಮನೆಯವರಿಗೆ ಎರಡರಿಂದ ಮೂರು ಗಂಟೆ ಬೇಕಾಗಬಹುದು. ಆ ಹೊತ್ತು ಮಗಳಿಗೆ ಆಡಲು ಏನಾದರೂ ಇರಲಿ.

ಪ್ರೊ ಆಟಗಾರರನ್ನೂ ಸುಮ್ನೆ ನೋಡಿ, ಅವರು ಮೊದಲು ಹೊರಡುತ್ತಾರೆ. ಬರ್ಮುಡಾದ ಫ್ಲೋರಾ ಡಫಿ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಟ್ರಯಥ್ಲಾನ್ ಚಿನ್ನ ಗೆದ್ದ ಮೇಲೆ ಅದೇ ವರ್ಷ ಮಾವಿಯಲ್ಲಿ ಎಕ್ಸ್‌ಟೆರಾ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಅಂಥವರು ಶೂ ಬದಲಿಸುವ ಚುರುಕು ನೋಡಿದ ಮೇಲೆ ನಮ್ಮವರು ಲೇಸ್ ಕಟ್ಟುವುದನ್ನು ನೋಡಿದರೆ ನಗು ತಡೆಯುವುದು ಕಷ್ಟ.

ಸೈಕಲ್ ಇಟ್ಟು ಓಟಕ್ಕೆ ಹೊರಡುವ ಎರಡನೇ ಟ್ರಾನ್ಸಿಷನ್ ಆದ ತಕ್ಷಣ ಫಿನಿಶ್ ಹತ್ತಿರ ಹೋಗಿ ಕೂತುಬಿಡಿ. ಫೋಟೋ ಚಿಂತೆ ಬೇಡ, ರೇಸಿನವರದೇ ಫೋಟೋಗ್ರಾಫರ್ ಇದ್ದರೆ ದುಡ್ಡು ಕೊಟ್ಟು ತೆಗೆದುಕೊಳ್ಳಿ. ಆಮೇಲೆ ಸೈಕಲ್ ತೊಳೆಯುವ ಸಾಲಿನಲ್ಲಿ ನಿಲ್ಲುವ ಕೆಲಸ ನಿಮ್ಮ ತಲೆಗೆ ಕಟ್ಟಲು ನೋಡುತ್ತಾರೆ. ಖಂಡಿತ ಒಪ್ಪಿಕೊಳ್ಳಬೇಡಿ.